ಅಚ್ಚುಕಟ್ಟಿನ ಸ್ವಾತಂತ್ರ್ಯ

ಎಡದಂಡೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಶೈಕ್ಷಣಿಕ ಸ್ವಾತಂತ್ರ್ಯವನ್ನು ಪ್ರತಿ ತಿಂಗಳು ಒಂದನೇ ತಾರೀಖಿನಿಂದ ಹತ್ತನೇ ತಾರೀಖಿನವರೆಗೆ ಬಿಡಲಾಗುತ್ತದೆ. ಹನ್ನೊಂದನೇ ತಾರೀಖು ಬೆಳಿಗ್ಗೆ ಹತ್ತೂವರೆಗೆ ಬಂದ್ ಮಾಡಲಾಗುತ್ತದೆ. ಮೊದಲು ಮೇಲ್ಭಾಗದ ಕಾಲೇಜುಗಳಿಗೆ, ಆಮೇಲೆ ಕೊನೆ ಭಾಗದ ಕಾಲೇಜುಗಳಿಗೆ. ಇದರಲ್ಲಿ ವಿಶೇಷವೇನೂ ಇಲ್ಲ. ಹೊರಗಿನಿಂದ ಬಂದ ಕೆಲವರು ಮಾತ್ರ ಇದನ್ನು ಕೇಳಿ ನಗುತ್ತಾರೆ. ಅಂಥವರ ತಿಳುವಳಿಕೆಗಾಗಿ, ಸಿಂಧನೂರಿನ ಕೇಂದ್ರ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿದ್ದು ಈ ಕಡತವನ್ನು ಮೊದಲ ಹಾಳೆಯಿಂದ ನೋಡಿಕೊಂಡು ಬಂದಿರುವ ಗುರುಬಸವ ಎಂಬ ನಾನು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಎಲ್ಲದಕ್ಕೂ ಮೂಲ ಒಂದು ಸುತ್ತೋಲೆ. ರಾಜಧಾನಿಯ ಉನ್ನತ ವಿದ್ಯಾ ನಿಯಂತ್ರಣ ಪ್ರಾಧಿಕಾರದಿಂದ ಬಂದ ಅದು ಒಂದೇ ಪುಟದ್ದು, ಅದರಲ್ಲೂ ಮುಕ್ಕಾಲು ಪುಟ ‘ಉಲ್ಲೇಖ’ಗಳೇ. ಕೆಳಗೆ ಒಂದು ವಾಕ್ಯ ಇತ್ತು: ‘ವಿಶ್ವವಿದ್ಯಾಲಯಗಳು ತಮ್ಮ ಅಧೀನದ ಕಾಲೇಜುಗಳಿಗೆ ಶೈಕ್ಷಣಿಕ ಸ್ವಾತಂತ್ರ್ಯವನ್ನು ಅಚ್ಚುಕಟ್ಟು ರೀತಿಯಲ್ಲಿ ಹಂಚಿಕೆ ಮಾಡತಕ್ಕದ್ದು.’

ಬರೆದವರ ಮನಸ್ಸಿನಲ್ಲಿ ಏನಿತ್ತೋ ನಮಗೆ ಗೊತ್ತಿಲ್ಲ. ಬೇರೆ ಕಡೆ ಈ ಮಾತಿಗೆ ಓರಣ, ಒಪ್ಪ ಎಂಬ ಅರ್ಥ ಇದೆಯಂತೆ. ನಮ್ಮಲ್ಲಿ ಚಹಾದಂಗಡಿಯಿಂದ ತಹಶೀಲ್ದಾರ್ ಕಚೇರಿಯವರೆಗೆ ಯಾರನ್ನು ಕೇಳಿದರೂ ಅಚ್ಚುಕಟ್ಟು ಎಂದರೆ ಕಾಲುವೆ ನೀರು ಉಣ್ಣುವ ಜಮೀನು. ನಿನ್ನ ಹೊಲ ಅಚ್ಚುಕಟ್ಟಿನೊಳಗೋ ಹೊರಗೋ ಎಂದು ನೋಡಿಯೇ ಇಲ್ಲಿ ಹೆಣ್ಣು ಕೊಡುತ್ತಾರೆ. ಅದರ ಮೇಲೆ ನಮ್ಮ ಅಧೀಕ್ಷಕರಾದ ಅಮರಗುಂಡಪ್ಪನವರು ಇಪ್ಪತ್ತೆರಡು ವರ್ಷ ಕಾಲುವೆ ಉಪವಿಭಾಗದಲ್ಲಿ ಗುಮಾಸ್ತಿಕೆ ಮಾಡಿ ನಿಯೋಜನೆ ಮೇಲೆ ವಿಶ್ವವಿದ್ಯಾಲಯಕ್ಕೆ ಬಂದವರು. ಸುತ್ತೋಲೆ ಓದಿ ಅವರ ಮುಖ ಅರಳಿತು. ಇಲ್ಲಿಗೆ ಬಂದ ನಾಲ್ಕು ವರ್ಷದಲ್ಲಿ ಮೊದಲ ಸಲ ಅವರಿಗೆ ತಿಳಿಯುವ ಕಾಗದ ಬಂದಿತ್ತು.

ನಾನು ಮೆಲ್ಲಗೆ, “ಸರ್, ಅಚ್ಚುಕಟ್ಟು ಅಂದ್ರ ನೀಟಾಗಿ ಅಂತನೂ ಅರ್ಥ ಐತಲ್ರೀ,” ಅಂದೆ.

“ನೀಟಾಗಿ ಹಂಚಾಕ ಬರ್ತಿದ್ರ ನೀರೇ ಹಂಚತಿದ್ದಿವಲ್ಲೋ ಗುರುಬಸವ,” ಅಂದರು ಅವರು. “ಅಚ್ಚುಕಟ್ಟು ಅಂದ್ರ ಅಚ್ಚುಕಟ್ಟು. ನಕಾಶಿ ತೆಗಿ.”

ಆದರೂ ಮುಂದೆ ಆಡಿಟ್‌ನವರು ತಕರಾರು ತೆಗೆಯಬಾರದೆಂದು ನಾನು ಸ್ಪಷ್ಟೀಕರಣ ಕೋರಿ ಪತ್ರ ಬರೆದೆ. ನಾಲ್ಕು ತಿಂಗಳಿಗೆ ಉತ್ತರ ಬಂತು: ‘ತಮ್ಮ ಪತ್ರವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಅಚ್ಚುಕಟ್ಟು ಎಂಬುದನ್ನು ಅಚ್ಚುಕಟ್ಟು ಎಂದೇ ಓದಿಕೊಳ್ಳತಕ್ಕದ್ದು.’ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟುವುದು ನಮ್ಮ ಕೆಲಸ. ಕಟ್ಟಿದೆವು.

ಗೋಡೆಗೆ ಕಾಲುವೆ ನಕಾಶೆ ತೂಗುಹಾಕಿ, ಅಮರಗುಂಡಪ್ಪನವರು ಮೀಟರು ಕೋಲಿನಿಂದ ಕಾಲೇಜುಗಳನ್ನು ವಿಂಗಡಿಸಿದರು. ಸಿಂಧನೂರಿನ ಕಾಲೇಜುಗಳು ಮೇಲ್ಭಾಗ. ಮಸ್ಕಿ ಕೊನೆ ಭಾಗ. ಲಿಂಗಸುಗೂರು ಮತ್ತು ಮುದಗಲ್ ನಮ್ಮ ಕಾಲುವೆಯ ಅಚ್ಚುಕಟ್ಟಿಗೆ ಸೇರುವುದಿಲ್ಲವಾದ್ದರಿಂದ ಅವು ಖುಷ್ಕಿ, ಅಂದರೆ ಒಣಬೇಸಾಯದ ಕಾಲೇಜುಗಳು; ಅವಕ್ಕೆ ಸ್ವಾತಂತ್ರ್ಯದ ಹಂಚಿಕೆ ಇಲ್ಲ. ಮುದಗಲ್ಲಿನ ಅಧ್ಯಾಪಕರೊಬ್ಬರು ತಮ್ಮ ಗತಿಯೇನೆಂದು ಬರೆದು ಕೇಳಿದರು. ‘ತಾವು ಮಳೆಯಾಶ್ರಿತರು. ಮಳೆಗೆ ಈ ಕಚೇರಿಯ ಆಕ್ಷೇಪಣೆ ಇರುವುದಿಲ್ಲ’ ಎಂದು ಉತ್ತರಿಸಲಾಯಿತು. ಅವರು ಅಂದಿನಿಂದ ಕಿಟಕಿ ಪಕ್ಕ ಕೂತು ಪಾಠ ಮಾಡುತ್ತಾರೆಂದು ವರದಿ ಇದೆ.

ಹಂಚಿಕೆ ಎಂದ ಮೇಲೆ ಅಳತೆ ಬೇಕು. ಪ್ರತಿ ಕಾಲೇಜಿನಲ್ಲೂ ಪ್ರಾಂಶುಪಾಲರ ಕೋಣೆಯ ಬಾಗಿಲ ಪಕ್ಕ ಅಡಿ, ಅಂಗುಲ ಬರೆದ ಹಲಗೆಯೊಂದನ್ನು ಜಡಿದೆವು. ಅದರ ಹೆಸರು ಗೇಜ್. ಹಲಗೆಯ ಮೇಲೆ ಸರಿಯುವ ಕೆಂಪು ಮುಳ್ಳು. ಸಿಂಧನೂರಿನಿಂದ ಫೋನ್ ಬಂದ ಹಾಗೆ ಅದನ್ನು ಏರಿಸಲು, ಇಳಿಸಲು ಕಾಲುವೆ ಕೆಲಸದಲ್ಲಿ ಪಳಗಿದ ಗ್ಯಾಂಗ್‌ಮನ್‌ಗಳನ್ನೇ ನೇಮಿಸಲಾಯಿತು. ಅರ್ಧ ಅಡಿ ಇದ್ದಾಗ ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದಬಹುದು. ಒಂದು ಅಡಿ ಬಂದರೆ ಅಶೋಕನ ಕಾಲದವರೆಗೆ ಸ್ವಂತ ಮಾತಿನಲ್ಲಿ ಹೇಳಬಹುದು. ಎರಡು ಅಡಿಗೆ ನಿಜಾಮರ ಕಾಲ, ಮೂರು ಅಡಿಗೆ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ, ನಾಲ್ಕು ಅಡಿಗೆ ಹೋದ ವರ್ಷ. ಇವತ್ತಿನ ಮಾತು ಆಡಬೇಕಾದರೆ ನಾಲ್ಕೂವರೆ ಅಡಿ ಬೇಕು. ಬಂದ್ ಇದ್ದ ದಿನಗಳಲ್ಲಿ ವಿದ್ಯಾರ್ಥಿಗಳು ಪ್ರಶ್ನೆ ಕೇಳಲು ಅಡ್ಡಿಯಿಲ್ಲ, ಉತ್ತರವನ್ನು ಮಾತ್ರ ಮುಂದಿನ ಸರದಿಗೆ ಕಾಯ್ದಿರಿಸತಕ್ಕದ್ದು.

ಪದ್ಧತಿ ಬಹಳ ಚೆನ್ನಾಗಿ ನಡೆಯಿತು. ಮೇಲ್ಭಾಗದ ಸಿಂಧನೂರಿನಲ್ಲಿ ಗೇಜ್ ಹತ್ತೂ ದಿನ ನಾಲ್ಕೂವರೆ. ಅಲ್ಲಿನ ಪ್ರಾಧ್ಯಾಪಕರು ಅಷ್ಟು ಸ್ವಾತಂತ್ರ್ಯದಿಂದ ಏನು ಮಾಡಬೇಕೆಂದು ತಿಳಿಯದೆ ಮೊದಲ ತಿಂಗಳು ಕೋಣೆಯಲ್ಲೇ ಕೂತರು. ಬಳಸದಿದ್ದರೆ ಹಂಚಿಕೆ ಕಡಿಮೆಯಾಗುತ್ತದೆಂಬ ಸುದ್ದಿ ಹಬ್ಬಿದ ಮೇಲೆ ಮೂರು ದಿನದ ವಿಚಾರ ಸಂಕಿರಣ ನಡೆಸಿದರು. ಆಮೇಲೆ ನಮ್ಮ ಸಿಂಡಿಕೇಟ್ ಸದಸ್ಯರೂ ಬಳಗಾನೂರಿನ ದೊಡ್ಡ ಜಮೀನುದಾರರೂ ಆದ ವಿರೂಪಾಕ್ಷಪ್ಪನವರಿಗೆ ಆರುನೂರ ನಲವತ್ತು ಪುಟದ ಅಭಿನಂದನ ಗ್ರಂಥ ತಂದರು. ಅದಕ್ಕೆ ಮಸ್ಕಿಯ ಪಾಲನ್ನೂ ಎಳೆದುಕೊಂಡರು. ಹೀಗಾಗಿ ಕೊನೆ ಭಾಗದ ಮಸ್ಕಿಯಲ್ಲಿ ಮುಳ್ಳು ಒಂದು ಅಡಿ ದಾಟಲಿಲ್ಲ. ಅಲ್ಲಿ ಅರ್ಥಶಾಸ್ತ್ರದವರು, ಗಣಿತದವರು, ದೈಹಿಕ ಶಿಕ್ಷಣದವರು ಎಲ್ಲರೂ ಅಶೋಕನ ಬಗ್ಗೆಯೇ ಮಾತಾಡತೊಡಗಿದರು. ಊರಲ್ಲೇ ಅವನ ಶಾಸನ ಇರುವುದರಿಂದ ಯಾರಿಗೂ ಬೇಸರವಾಗಲಿಲ್ಲ.

ಬೇಸರವಾದದ್ದು ಭಾಗ್ಯಶ್ರೀ ಎಂಬ ಸಂಶೋಧನಾ ವಿದ್ಯಾರ್ಥಿನಿಗೆ. ಬಳಗಾನೂರಿನವಳು, ಮಸ್ಕಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ.ಗೆ ನೋಂದಾಯಿಸಿಕೊಂಡಿದ್ದಳು. ವಿಷಯ: ಕಾಲುವೆ ನಾಡಿನಲ್ಲಿ ಭತ್ತದ ನಾಟಿ ಮತ್ತು ಮಹಿಳಾ ಕೂಲಿ. ಇವಳ ತಾಯಿ ಯಮನೂರಮ್ಮ ನಾಟಿ ಮಾಡಿಯೇ ಇವಳನ್ನು ಓದಿಸಿದವಳು. ಪದವಿ ಸಿಕ್ಕರೆ ಮಸ್ಕಿ ಕಾಲೇಜಿನಲ್ಲಿ ಖಾಲಿಯಿದ್ದ ಅಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಆರು ವರ್ಷದ ಗಡುವು ಆಗಸ್ಟ್ ಹತ್ತಕ್ಕೆ ಮುಗಿಯುತ್ತಿತ್ತು. ಇನ್ನೂರ ಹನ್ನೊಂದು ಪುಟ ಬರೆದಾಗಿತ್ತು. ಉಳಿದದ್ದು ಒಂದೇ ವಾಕ್ಯ, ಕೊನೆಯದು: ‘ಬಳಗಾನೂರು ಸುತ್ತಿನ ನಾಟಿ ಕೂಲಿಯನ್ನು ಮಾರುಕಟ್ಟೆ ನಿಗದಿ ಮಾಡುವುದಿಲ್ಲ, ಎಂಟು ಜನ ಜಮೀನುದಾರರು ಚಹಾದಂಗಡಿಯಲ್ಲಿ ಕೂತು ನಿಗದಿ ಮಾಡುತ್ತಾರೆ.’

ವಾಕ್ಯ ಇವತ್ತಿನದು. ನಾಲ್ಕೂವರೆ ಅಡಿ ಬೇಕು. ಅಷ್ಟು ಗೇಜ್ ಇಲ್ಲದಾಗ ಬರೆದರೆ ಪ್ರಬಂಧವೇ ತಿರಸ್ಕೃತ. ಅವಳ ಮಾರ್ಗದರ್ಶಕರೂ ಪ್ರಾಂಶುಪಾಲರೂ ಆಗಿದ್ದ ಕನಕರಾಜ ಅವರು, ಆ ಎಂಟು ಜನರನ್ನು ಅಶೋಕನ ಕಾಲದವರೆಂದು ಬರೆದರೆ ಹೇಗೆ ಎಂದು ಸಲಹೆ ಕೊಟ್ಟಿದ್ದರಂತೆ. ಅವಳು ಒಪ್ಪಲಿಲ್ಲ. ಆಗ ಚಹಾದಂಗಡಿ ಇರಲಿಲ್ಲ ಎಂಬುದು ಅವಳ ವಾದ.

ಜೂನ್ ತಿಂಗಳ ಒಂದು ದಿನ ಅವಳು ನಮ್ಮ ಕಚೇರಿಗೆ ಬಂದಳು. ಸಿಂಧನೂರಿನ ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು ಬಂದವಳಿಗೆ ನೀರು ಕೊಟ್ಟೆ. ಕುಡಿದು ಅಮರಗುಂಡಪ್ಪನವರ ಮುಂದೆ ನಿಂತಳು.

“ಸರ್, ಒಂದ್ ವಾಕ್ಯ ಐತ್ರೀ. ಅದನ್ನ ಬರಿಯಾಕ ನಾಲ್ಕೂವರಿ ಅಡಿ ಎಲ್ಲಿಂದ ತರ್ಲಿ? ನಮ್ಮ ಕಾಲೇಜಿಗೆ ಒಂದ್ ಅಡಿ ಮ್ಯಾಲ ಬಂದದ್ದ ಇಲ್ಲ.”

“ಕೊನಿ ಭಾಗ ತಂಗಿ, ಹಂಗ ಇರತೈತಿ. ಬ್ಯಾರೆ ವಾಕ್ಯ ಬರಿ. ಕಡಿಮಿ ನೀರಿನ ವಾಕ್ಯ.”

“ಅಂದ್ರ?”

“ಮಹಿಳಾ ಕೂಲಿಯ ಬಗ್ಗೆ ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯ ಐತಿ ಅಂತ ಬರಿ. ಅದು ಅರ್ಧ ಅಡ್ಯಾಗ ಬೆಳಿತೈತಿ. ಎಲ್ಲಾರೂ ಅದನ್ನ ಬರಿತಾರ.”

ಅವಳು ಗೋಡೆಯ ನಕಾಶೆ ನೋಡಿ, “ಹೊಳಿ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಬೇಕೇನ್ರೀ?” ಅಂದಳು.

ಅಮರಗುಂಡಪ್ಪನವರು ಸಿಟ್ಟಾಗಲಿಲ್ಲ. ಅವರು ಒಳ್ಳೆಯ ಮನುಷ್ಯ, ನಾನು ಸುಳ್ಳು ಹೇಳಲಾರೆ. “ಹೊಳಿಗೆ ಬ್ಯಾಡವ್ವ,” ಅಂದರು. “ಕಾಲುವಿಗೆ ಬೇಕು.”

ಅವಳು ಹೊರಗೆ ಬಂದಾಗ ಮಸ್ಕಿ ಕಾಲೇಜಿನ ಗ್ಯಾಂಗ್‌ಮನ್ ದ್ಯಾವಪ್ಪ ವರಾಂಡದಲ್ಲಿ ಕೂತಿದ್ದ. ತಿಂಗಳ ವರದಿ ಕೊಡಲು ಬಂದಿದ್ದ ಅವನು ಮೂವತ್ತು ವರ್ಷ ಕಾಲುವೆ ದಂಡೆಯ ಮೇಲೆ ಕಳೆದವನು, ಗೇಜಿನ ಮುಳ್ಳನ್ನು ಮುಟ್ಟುವಾಗ ಈಗಲೂ ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಳ್ಳುತ್ತಿದ್ದ. ಅವಳನ್ನು ನೋಡಿ, “ಕಾಗದ ಕೊಟ್ರ ಬರಂಗಿಲ್ಲ ಯವ್ವಾ,” ಅಂದ. “ಕೊನಿ ಭಾಗಕ್ಕ ತಾನಾಗಿ ನೀರು ಬಂದದ್ದು ನನ್ನ ಸರ್ವೀಸಿನಾಗ ನೋಡಿಲ್ಲ. ರಸ್ತೆದಾಗ ಕುಂದರಬೇಕು. ಕುಂತ್ರ ಬರತೈತಿ, ಒಂದ್ ದಿನ.”

ಹಾಗಾಗಿ ಜುಲೈ ಕೊನೆಯ ವಾರ ಮಸ್ಕಿಯಲ್ಲಿ ರಸ್ತೆ ತಡೆ ನಡೆಯಿತು. ಹದಿನಾಲ್ಕು ಅಧ್ಯಾಪಕರು, ಭಾಗ್ಯಶ್ರೀ, ಒಂದು ಬ್ಯಾನರು. ಬ್ಯಾನರಿನ ಮೇಲೆ ‘ಕೊನೆ ಭಾಗಕ್ಕೆ ಗೇಜ್ ನಿರ್ವಹಿಸಿ’ ಎಂದು ಬರೆದಿತ್ತು. ರೈತ ಸಂಘದವರು ಹೋದ ವರ್ಷ ಬಳಸಿ ಇಟ್ಟಿದ್ದನ್ನೇ ಇಸಿದುಕೊಂಡು ಬಂದಿದ್ದರು. ಲಿಂಗಸುಗೂರಿನ ಬಸ್ಸು ನಿಂತಿತು. ಕಿಟಕಿಯಿಂದ ಒಬ್ಬ ಹಿರಿಯರು ತಲೆ ಹೊರಗೆ ಹಾಕಿದರು.

“ಯಾವ ಉಪಕಾಲುವಿ ನೀರಿಗೆ ಕುಂತೀರೆಪ್ಪಾ?”

“ನೀರಿಗಲ್ರೀ ಅಜ್ಜಾರ, ಸ್ವಾತಂತ್ರ್ಯಕ್ಕ,” ಎಂದರು ಗಣಿತದ ಅಧ್ಯಾಪಕರು.

“ಹಂಗಾದ್ರ ಬಸ್ ಬಿಡ್ರಿ. ನಾ ನೀರಿಗೆ ಅಂದ್ಕೊಂಡು ಸುಮ್ಕ ಕುಂತಿದ್ದೆ.”

ಬಸ್ಸು ಬಿಡಲಿಲ್ಲ. ಎರಡು ಗಂಟೆಗೆ ಅಮರಗುಂಡಪ್ಪನವರು ಜೀಪಿನಲ್ಲಿ ಹೋದರು, ನಾನೂ ಹೋದೆ. ಅವರು ಜೀಪಿನಿಂದ ಇಳಿಯದೆಯೇ ತಮಗೆ ಬಾಯಿಪಾಠವಿದ್ದ ಮಾತನ್ನು ಹೇಳಿದರು: ಮೇಲ್ಭಾಗದ ಅಕ್ರಮ ಎಳೆತವನ್ನು ತಡೆಯಲಾಗುವುದು, ಕೊನೆ ಭಾಗಕ್ಕೆ ತಲುಪಿಸಲು ಪ್ರಾಮಾಣಿಕ ಪ್ರಯತ್ನ ಮಾಡಲಾಗುವುದು. ಅಧ್ಯಾಪಕರು ಚಪ್ಪಾಳೆ ತಟ್ಟಿ ಎದ್ದರು.

ಮಾತು ಪೂರ್ತಿ ಸುಳ್ಳಾಗಲಿಲ್ಲ. ಮಸ್ಕಿ ಕಾಲೇಜಿಗೆ ವಿಶೇಷ ಪ್ರಕರಣವೆಂದು ಪರಿಗಣಿಸಿ ಆಗಸ್ಟ್ ಹತ್ತರಂದು ಬೆಳಿಗ್ಗೆ ಹನ್ನೊಂದೂವರೆಯಿಂದ ಹನ್ನೆರಡರವರೆಗೆ ನಾಲ್ಕೂವರೆ ಅಡಿ ಬಿಡಲು ಆದೇಶವಾಯಿತು. ಭಾಗ್ಯಶ್ರೀಯ ಮೌಖಿಕ ಪರೀಕ್ಷೆಯನ್ನು ಅದೇ ಹೊತ್ತಿಗೆ ಇಡಲಾಯಿತು. ಪ್ರಬಂಧದ ಕೊನೆಯ ವಾಕ್ಯದ ಜಾಗದಲ್ಲಿ ಚುಕ್ಕೆ ಹಾಕಿ, ‘ಗೇಜ್ ಬಂದಾಗ ಅಭ್ಯರ್ಥಿಯು ಬಾಯಿಮಾತಿನಲ್ಲಿ ತುಂಬತಕ್ಕದ್ದು’ ಎಂದು ನಾನೇ ಷರಾ ಬರೆದೆ. ಅರ್ಧ ಗಂಟೆ. ಒಂದು ವಾಕ್ಯಕ್ಕೆ ಅದು ಧಾರಾಳ ಎಂದು ನನಗೆ ಅನ್ನಿಸಿತ್ತು.

ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ವಿರೂಪಾಕ್ಷಪ್ಪನವರು, ಹೊರಗಿನಿಂದ ಬಂದ ಪರೀಕ್ಷಕರು, ಪ್ರಾಂಶುಪಾಲ ಕನಕರಾಜ, ಅಮರಗುಂಡಪ್ಪನವರು. ಹಿಂದಿನ ಸಾಲಿನಲ್ಲಿ ಯಮನೂರಮ್ಮ. ನಾಟಿಯ ಹಂಗಾಮಿನಲ್ಲಿ ಒಂದು ದಿನದ ಕೂಲಿ ಬಿಟ್ಟು, ತೊಳೆದ ಸೀರೆ ಉಟ್ಟು ಬಂದಿದ್ದಳು. ಕಾಲಿನ ಬೆರಳ ಸಂದಿಯ ಕೆಸರು ಮಾತ್ರ ಹೋಗಿರಲಿಲ್ಲ. ಹನ್ನೊಂದೂವರೆಗೆ ಸಿಂಧನೂರಿನಿಂದ ದ್ಯಾವಪ್ಪನಿಗೆ ಫೋನು ಬಂತು. ಅವನು ಪ್ಯಾಂಟು ಮಡಚಿಕೊಂಡು, ಸಭಾಂಗಣಕ್ಕೆ ತಂದು ನಿಲ್ಲಿಸಿದ್ದ ಹಲಗೆಯ ಮುಳ್ಳನ್ನು ನಾಲ್ಕೂವರೆಗೆ ಏರಿಸಿದ. ಒಮ್ಮೆಯೂ ಅಷ್ಟು ಮೇಲೆ ಹೋಗದಿದ್ದ ಮುಳ್ಳು ಕಿರ್ ಎಂದಿತು.

ಪ್ರಾರ್ಥನಾ ಗೀತೆ ಆಯಿತು. ಸ್ವಾಗತ ಆಯಿತು. ದೀಪ ಹಚ್ಚಿದರು, ಅದು ಗಾಳಿಗೆ ಆರಿತು, ಫ್ಯಾನು ನಿಲ್ಲಿಸಿ ಮತ್ತೆ ಹಚ್ಚಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ವಿರೂಪಾಕ್ಷಪ್ಪನವರು ಎರಡು ಮಾತು ಎಂದು ಎದ್ದು, ಕೊನೆ ಭಾಗಕ್ಕೆ ಸ್ವಾತಂತ್ರ್ಯ ಮುಟ್ಟಿಸಿದ ಆಡಳಿತವನ್ನು ಒಂಬತ್ತು ನಿಮಿಷ ಹೊಗಳಿದರು. ಹೊರಗಿನ ಪರೀಕ್ಷಕರು ಶೈಕ್ಷಣಿಕ ಸ್ವಾತಂತ್ರ್ಯದ ಮಹತ್ವದ ಬಗ್ಗೆ ಮಾತಾಡಿದರು. ಬಹಳ ಚೆನ್ನಾಗಿ ಮಾತಾಡಿದರು. ಸಾಕ್ರೆಟೀಸನ ಹತ್ತಿರ ಬರುವಾಗ ಹನ್ನೊಂದು ಐವತ್ತಾರಾಗಿತ್ತು. ಭಾಗ್ಯಶ್ರೀ ನಿಂತೇ ಇದ್ದಳು. ಅವಳ ಕಣ್ಣು ಗೋಡೆ ಗಡಿಯಾರದ ಮೇಲಿತ್ತು, ನನ್ನದೂ ಅಲ್ಲೇ ಇತ್ತು. ಸಾಕ್ರೆಟೀಸ್ ವಿಷ ಕುಡಿದು ಮುಗಿಸಿದ ಮೇಲೆ ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು, “ಹಾಗಾದರೆ ಕೊನೆಯ ಪ್ರಶ್ನೆ. ನಾಟಿ ಕೂಲಿಯನ್ನು ನಿಗದಿ ಮಾಡುವವರು ಯಾರು?” ಎಂದರು.

ಭಾಗ್ಯಶ್ರೀ ಬಾಯಿ ತೆರೆದಳು. ದ್ಯಾವಪ್ಪನ ಫೋನು ರಿಂಗಾಯಿತು.

ಅವನು ಅವಳ ಮುಖ ನೋಡದೆ ಮುಳ್ಳನ್ನು ಅರ್ಧ ಅಡಿಗೆ ಇಳಿಸಿ, “ಗೇಜ್ ಇಳೀತ್ರೀ,” ಅಂದ. ಮಡಚಿದ ಪ್ಯಾಂಟನ್ನು ಇಳಿಬಿಟ್ಟುಕೊಂಡ.

ಭಾಗ್ಯಶ್ರೀ ಬಾಯಿ ಮುಚ್ಚಿದಳು. ಆರು ವರ್ಷ ಇತ್ತು ಆ ಬಾಯಲ್ಲಿ. ಹೇಳಿದರೆ ತಿರಸ್ಕೃತ, ಹೇಳದಿದ್ದರೆ ಗಡುವು ಮುಗಿಯಿತು. ಸಭೆಯಲ್ಲಿದ್ದ ನೂರಿಪ್ಪತ್ತು ಜನರಿಗೆ ಉತ್ತರ ಗೊತ್ತಿತ್ತು, ಯಾರೂ ಉಸಿರೆತ್ತಲಿಲ್ಲ. ನನಗೆ ಆ ಹೊತ್ತಿನಲ್ಲಿ ನಾಚಿಕೆಯಾಯಿತು. ಅಂಥದ್ದನ್ನು ಕಡತದಲ್ಲಿ ನಮೂದಿಸುವ ಪದ್ಧತಿ ಇಲ್ಲದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಹಿಂದಿನ ಸಾಲಿನಿಂದ ಯಮನೂರಮ್ಮ ಎದ್ದಳು.

“ಯಾಕ ಸುಮ್ಕ ನಿಂತಿ? ಅವ್ರು ಕೇಳಾಕತ್ಯಾರ. ಗೊತ್ತಿಲ್ಲೇನ್ ನಿನಗ?”

ಭಾಗ್ಯಶ್ರೀ ನೆಲ ನೋಡಿದಳು.

“ನಾ ಹೇಳ್ತೀನಿ ಕೇಳ್ರೀ ಯಪ್ಪಾ,” ಎಂದಳು ಯಮನೂರಮ್ಮ ಪರೀಕ್ಷಕರಿಗೆ. “ಎಂಟ್ ಮಂದಿ ಸಾವ್ಕಾರ್ರು ಬಸ್ ಸ್ಟ್ಯಾಂಡಿನ ಚಾ ಅಂಗಡ್ಯಾಗ ಕುಂತು ಮಾಡ್ತಾರ. ಅವ್ರು ಚಾ ಕುಡುದು ಏಳೂತನಕ ಈ ವರ್ಷ ಕೂಲಿ ಎಷ್ಟಂತ ನಮಗ ಗೊತ್ತಾಗಂಗಿಲ್ಲ. ಮೂವತ್ತ್ ವರ್ಷ ಆತು, ಹಿಂಗ ನಡದೈತಿ. ಈ ಮ್ಯಾಲ ಕುಂತ ಯಜಮಾನ್ರೂ ಅದರಾಗ ಒಬ್ರು.”

ಎಲ್ಲರೂ ವಿರೂಪಾಕ್ಷಪ್ಪನವರ ಕಡೆ ತಿರುಗಿದರು. ಅವರು ಹಾರ ಸರಿಮಾಡಿಕೊಂಡು, “ಹೌದ್ರೀ, ನಾನೂ ಇರ್ತೀನಿ,” ಅಂದರು. “ಅದರಾಗೇನೈತಿ? ಊರಿಗೆಲ್ಲ ಗೊತ್ತಿದ್ದದ್ದ. ಇದಕ್ಕ ರಸ್ತೆ ಬಂದ್ ಮಾಡಿದ್ರೇನು?”

ಪರೀಕ್ಷಕರಿಗೆ ಗಾಬರಿಯಾಯಿತು. ಗೇಜ್ ಅರ್ಧ ಅಡಿಗೆ ಇಳಿದ ಮೇಲೆ, 12-04ಕ್ಕೆ, ಇವತ್ತಿನ ಮಾತೊಂದು ಸಭಾಂಗಣದೊಳಗೆ ಬಿದ್ದಿತ್ತು. ಯಾರ ಮೇಲೆ ಕ್ರಮ? ಕನಕರಾಜ ಅವರು ಆಗಲೇ ತಾವು ಕೇಳಿಸಿಕೊಂಡಿಲ್ಲವೆಂದು ಒಂದು ಚೀಟಿ ಬರೆದು ಸಹಿ ಮಾಡುತ್ತಿದ್ದರು. ಅಮರಗುಂಡಪ್ಪನವರು ಮಾತ್ರ ನೆಮ್ಮದಿಯಾಗಿದ್ದರು.

“ಆಕಿ ನಮ್ಮ ವಿದ್ಯಾರ್ಥಿನೇನ್ರೀ? ಅಲ್ಲ. ಸಿಬ್ಬಂದಿನೇನ್ರೀ? ಅಲ್ಲ. ಅಚ್ಚುಕಟ್ಟಿನ ಹೊರಗಿಂದ ಬಂದದ್ದು. ಅಂದ್ರ ಅದು ಕಾಲುವಿದಲ್ಲ, ಮಳಿ,” ಎಂದರು. “ಮಳಿಗೆ ಯಾರು ನೋಟಿಸ್ ಕೊಡ್ತಾರ?”

ಹಾಗೆಯೇ ನಡವಳಿಯಲ್ಲಿ ಬರೆದೆ: ‘ಮಧ್ಯಾಹ್ನ 12-04ಕ್ಕೆ ಸಭಾಂಗಣದಲ್ಲಿ ಸಾಧಾರಣ ಮಳೆಯಾಯಿತು. ಚುಕ್ಕೆಯ ಜಾಗ ತುಂಬಿತು.’ ಪರೀಕ್ಷಕರು ಸಹಿ ಹಾಕಿದರು. ವಾಕ್ಯ ಉಳಿಯಿತು. ಭಾಗ್ಯಶ್ರೀ ತಾಯಿಯ ಕೈ ಹಿಡಿದುಕೊಂಡು ಅತ್ತಳು, ಖುಷಿಗೋ ಬೇರೆ ಯಾವುದಕ್ಕೋ ನಾನು ವಿಚಾರಿಸಲಿಲ್ಲ.

ತೊಡಕು ಬಂದದ್ದು ಸೆಪ್ಟೆಂಬರಿನಲ್ಲಿ, ಪದವಿ ಪ್ರದಾನದ ಕಾಗದಪತ್ರ ತಯಾರಿಸುವಾಗ. ಪ್ರಾಧಿಕಾರದ ನಿಯಮದ ಪ್ರಕಾರ ಪಿಎಚ್.ಡಿ.ಯನ್ನು ಜ್ಞಾನಕ್ಕೆ ಮೂಲ ಕೊಡುಗೆ ನೀಡಿದವರಿಗೆ ಕೊಡತಕ್ಕದ್ದು. ಕೃತಿಚೌರ್ಯ ಹಿಡಿಯುವ ಯಂತ್ರಕ್ಕೆ ಪ್ರಬಂಧವನ್ನು ಹಾಕಿದಾಗ, ಇನ್ನೂರ ಹನ್ನೊಂದು ಪುಟಗಳನ್ನು ಅದು ‘ಪೂರ್ವಸಿದ್ಧತೆ’ ಎಂದಿತು. ಮೂಲ ಕೊಡುಗೆ ಒಂದೇ ವಾಕ್ಯ, ಅದು ನಡವಳಿಯ ಪ್ರಕಾರ ನೂರಕ್ಕೆ ನೂರು ಯಮನೂರಮ್ಮನದು. ಮೌಲ್ಯಮಾಪನ ಸಮಿತಿ ಎರಡು ದಿನ ಕೂತು ಯೋಚಿಸಿತು. ನಿಯಮ ನಿಯಮವೇ. ಪದವಿಯನ್ನು ಯಮನೂರಮ್ಮನಿಗೆ ಕೊಡಲಾಯಿತು.

ಇಲ್ಲಿಂದ ಮುಂದೆ ಅವರನ್ನು ಬಹುವಚನದಲ್ಲಿ ಬರೆಯುತ್ತೇನೆ. ಡಾಕ್ಟರೇಟ್ ಪಡೆದವರಿಗೆ ಹಾಗೆ ಬರೆಯಬೇಕೆಂದು ಸುತ್ತೋಲೆ ಇದೆ.

ಘಟಿಕೋತ್ಸವದಲ್ಲಿ ಡಾ. ಯಮನೂರಮ್ಮನವರಿಗೆ ಕೆಂಪು ನಿಲುವಂಗಿ ತೊಡಿಸಿದಾಗ, “ಇದನ್ನ ವಾಪಸ್ ಕೊಡಬೇಕೇನ್ ತಮ್ಮಾ? ಚಳಿಗೆ ಚಲೋ ಐತಿ,” ಎಂದು ನನ್ನನ್ನು ಕೇಳಿದರು. ಬಾಡಿಗೆಯದ್ದೆಂದು ಹೇಳಿದೆ. ಪ್ರಮಾಣಪತ್ರವನ್ನು ಅವರು ಮಗಳ ಕೈಗೆ ಕೊಟ್ಟು, “ತಗೋ, ನಿಂದ ಇದು,” ಅಂದರು. ಅದನ್ನು ವರ್ಗಾಯಿಸಲು ಬರುವುದಿಲ್ಲವೆಂದು ನಾನು ತಿಳಿಸಬೇಕಾಯಿತು. ಬಳಗಾನೂರಿನಲ್ಲಿ ವಿರೂಪಾಕ್ಷಪ್ಪನವರು ಬಂದವರಿಗೆಲ್ಲ, ತಮ್ಮ ಗದ್ದೆಯಲ್ಲಿ ಡಾಕ್ಟರು ನಾಟಿ ಹಚ್ಚುತ್ತಾರೆಂದು ಹೆಮ್ಮೆಯಿಂದ ಹೇಳಿಕೊಳ್ಳತೊಡಗಿದರು. ಕೂಲಿ ಅಷ್ಟೇ ಇತ್ತು. ಸಾಲಿನಲ್ಲಿ ಬಗ್ಗಿದ ಹೆಂಗಸರು ಮಾತ್ರ, “ಬೇ ಡಾಕ್ಟರಮ್ಮ, ನನ್ನ ಸೊಂಟ ಒಂಚೂರು ನೋಡಬೇ,” ಎಂದು ನಗುತ್ತಿದ್ದರು. ಅವರು ನೋಡಿ, ಎಣ್ಣೆ ಹಚ್ಚಲು ಹೇಳುತ್ತಿದ್ದರು.

ಭಾಗ್ಯಶ್ರೀಯ ಗಡುವು ಮುಗಿದಿದ್ದರಿಂದ ಹೊಸದಾಗಿ ನೋಂದಣಿ ಮಾಡಬೇಕಾಯಿತು. ಕನಕರಾಜ ಅವರು ಆರೋಗ್ಯದ ಕಾರಣ ಹಿಂದೆ ಸರಿದರು. ಈ ವಿಷಯದಲ್ಲಿ ಪಿಎಚ್.ಡಿ. ಇದ್ದು, ಕೈಕೆಳಗೆ ವಿದ್ಯಾರ್ಥಿಗಳಿಲ್ಲದ ಮಾರ್ಗದರ್ಶಕರು ಇಡೀ ವ್ಯಾಪ್ತಿಯಲ್ಲಿ ಒಬ್ಬರೇ ಇದ್ದರು. ನವೆಂಬರ್ ಒಂದರಿಂದ ಭಾಗ್ಯಶ್ರೀ ಡಾ. ಯಮನೂರಮ್ಮನವರ ಸಂಶೋಧನಾ ವಿದ್ಯಾರ್ಥಿನಿಯಾದಳು. ಹಾಜರಾತಿ ಬೆಳಿಗ್ಗೆ ಆರಕ್ಕೆ, ಗದ್ದೆಯಲ್ಲಿ.

ಫೆಬ್ರವರಿಯಲ್ಲಿ ಮೂರು ತಿಂಗಳ ಪ್ರಗತಿ ವರದಿ ಬರಬೇಕಿತ್ತು. ಎರಡನೇ ಬೆಳೆಯ ನಾಟಿ ಇದ್ದದ್ದರಿಂದ ಮಾರ್ಗದರ್ಶಕರಿಗೆ ಕಚೇರಿಗೆ ಬರಲು ಬಿಡುವಿರಲಿಲ್ಲ. ನಾನೇ ಬಸ್ಸಿನಲ್ಲಿ ಬಳಗಾನೂರಿಗೆ ಹೋಗಿ, ಬದುವಿನ ಮೇಲೆ ಕೂತು ನಮೂನೆ ತೆಗೆದೆ. ಅವರು ಕೆಸರಿನಲ್ಲಿ ನಿಂತೇ ಹೇಳಿದರು. ಪಕ್ಕದ ಸಾಲಿನಲ್ಲಿ ಭಾಗ್ಯಶ್ರೀ ಸಸಿಯ ಕಟ್ಟು ಹಿಡಿದುಕೊಂಡಿದ್ದಳು.

“ಅಭ್ಯರ್ಥಿಯ ಬಗ್ಗೆ ಮಾರ್ಗದರ್ಶಕರ ಅಭಿಪ್ರಾಯ ಅಂತ ಐತ್ರೀ,” ಅಂದೆ.

“ಬರಕೋ ತಮ್ಮಾ. ಹುಡುಗಿ ಭಾಳ ಶಾಣ್ಯಾಕಿ ಅದಾಳ. ಓದಿದ್ದೆಲ್ಲ ತೆಲ್ಯಾಗ ಐತಿ.” ಒಂದು ಸಸಿ ಊರಿದರು, ಇನ್ನೊಂದು ಊರಿದರು. “ಆದ್ರ ಗೊತ್ತಿದ್ರೂ, ಕೇಳಿದಾಗ ಬಾಯಿ ಬಿಡಂಗಿಲ್ಲ.”

ಇಷ್ಟು ಹೇಳಿ ಅವರು ಮಗಳ ಕಡೆ ನೋಡಿದರು. ಏನಾದರೂ ಅಂದಾಳೆಂದು ಕಾದಂತಿತ್ತು. ನಾನೂ ಬರೆಯುವುದನ್ನು ನಿಲ್ಲಿಸಿ ಕಾದೆ. ಭಾಗ್ಯಶ್ರೀ ಬಗ್ಗಿ ಸಸಿ ಹಚ್ಚತೊಡಗಿದಳು.

ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ಹೆಬ್ಬೆಟ್ಟು ಹಾಕಿಸಿಕೊಂಡು ಬಂದೆ. ವರದಿ ಸಮಿತಿಯ ಮುಂದೆ ಹೋಯಿತು. ಏಳು ಜನ ಸದಸ್ಯರು ಓದಿದರು. ಕುಲಪತಿಗಳು ಕೊನೆಯ ವಾಕ್ಯದ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು, ‘ಅತ್ಯುತ್ತಮ. ಇಂಥವರು ಸಂಸ್ಥೆಗೆ ಬೇಕು. ಪದವಿಯ ಅರ್ಹತೆಯನ್ನು ಸಡಿಲಿಸಿ ಕಾಯಂ ಅಧ್ಯಾಪಕ ಹುದ್ದೆಗೆ ನೇಮಿಸಿ’ ಎಂದು ಬರೆದರು. ಏಳೂ ಸಹಿ ಬಿದ್ದವು. ಇಪ್ಪತ್ತು ವರ್ಷದ ನನ್ನ ನೌಕರಿಯಲ್ಲಿ ಇಷ್ಟು ಬೇಗ ಮುಗಿದ ಕಡತ ಇನ್ನೊಂದಿಲ್ಲ.

ಆದೇಶವನ್ನು ಕೊಡಲು ನಾನೇ ಹೋದೆ. ಭಾಗ್ಯಶ್ರೀ ಎರಡೂ ಕೈಯಿಂದ ತೆಗೆದುಕೊಂಡಳು. ಕೆಲಸಕ್ಕೆ ಬಂದಿದ್ದ ಹೆಂಗಸರೆಲ್ಲ ಸುತ್ತ ಸೇರಿದರು, ಒಬ್ಬಳು ಸಕ್ಕರೆ ತರಲು ಓಡಿದಳು. ಡಾ. ಯಮನೂರಮ್ಮನವರು ಕೈ ತೊಳೆದುಕೊಂಡು ಬಂದು, ಯಾವುದಕ್ಕೆ ಮೆಚ್ಚಿ ಕೊಟ್ಟರೆಂದು ಓದಿ ಹೇಳಲು ಕೇಳಿದರು. ಓದಿ ಹೇಳಿದೆ. ತಮ್ಮದೇ ಮಾತು ತಮಗೆ ವಾಪಸು ಬಂದದ್ದು ಅವರಿಗೆ ಗುರುತು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಮಗಳ ಕೈಲಿದ್ದ ಕಾಗದ ನೋಡಿದರು, ಮಗಳನ್ನು ನೋಡಿದರು. ಬಾಯಿಗೆ ಬಂದದ್ದೇನೋ ಇತ್ತು. ಅಷ್ಟರಲ್ಲಿ ಸಕ್ಕರೆ ಬಂತು, ಅವರು ಬಾಯಿಗೆ ಹಾಕಿಕೊಂಡರು.

ಮಾರ್ಗದರ್ಶಕರಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲವೆಂದು ಷರಾ ಬರೆದು ಕಡತವನ್ನು ಮುಕ್ತಾಯಗೊಳಿಸಿದ್ದೇನೆ.